ಮೂರನೆಯ ಗಡಿಯಾರ ಯಾವುದು?

ಪ್ರಶ್ನೆ: ನನ್ನ ಬಳಿ ಎರಡು ಕೈಗಡಿಯಾರಗಳಿವೆ. ಒಂದು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡ ಕ್ವಾರ್ಟ್ಜ್ ವಾಚು. ಇನ್ನೊಂದು, ಕಳೆದ ವರ್ಷ ಆಸೆಪಟ್ಟು ತೆಗೆದುಕೊಂಡ ಸ್ಟೀಲಿನ ಆಟೋಮ್ಯಾಟಿಕ್ ಡೈವಿಂಗ್ ವಾಚು. ಇದನ್ನು ಕಟ್ಟಿಕೊಂಡಾಗಿನಿಂದ ಗಡಿಯಾರದ ಹುಚ್ಚು ಹಿಡಿದಿದೆ. ಈಗ ಸ್ವಲ್ಪ ಹಣ ಕೂಡಿದೆ. ಒಳ್ಳೆಯ ಐಷಾರಾಮಿ ಗಡಿಯಾರಗಳ ಸಣ್ಣ ಸಂಗ್ರಹ ಮಾಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ? ಹೆಸರಾಂತ ಮಾದರಿಗಳಿಗೆ ವರ್ಷಗಟ್ಟಲೆ ಕಾಯಬೇಕಂತೆ. ಒಳಗಿನ ಯಂತ್ರವನ್ನು ಅದೇ ಕಂಪನಿ ತಯಾರಿಸಿರದಿದ್ದರೆ ಮುಟ್ಟಲೇಬೇಡ ಎನ್ನುತ್ತಾನೆ ಒಬ್ಬ ಗೆಳೆಯ. ಇದೂ ಚಿನ್ನದಂತೆ ಹೂಡಿಕೆ ಎನ್ನುತ್ತಾನೆ ಇನ್ನೊಬ್ಬ. ಬಳಸಿದ ಗಡಿಯಾರ ಕೊಳ್ಳಬಹುದೇ? ಒಟ್ಟು ಎಷ್ಟಿದ್ದರೆ ಸಾಕು?

ಉತ್ತರ: ನಿಮ್ಮ ಮೊದಲ ಗಡಿಯಾರವನ್ನು ಅಗತ್ಯ ಕೊಳ್ಳಿಸಿತು, ಎರಡನೆಯದನ್ನು ಆಸೆ. ಮೂರನೆಯದರ ಮುಂದೆ ನಿಂತಾಗಲೇ ‘ಈಗಾಗಲೇ ಇರುವುದರಲ್ಲಿ ಸಿಗದೆ ಇರುವುದು ಏನು?’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಆ ಪ್ರಶ್ನೆಗೆ ಒಂದು ಕಂಪನಿಯ ಹೆಸರನ್ನಷ್ಟೇ ಉತ್ತರವಾಗಿ ಕೊಟ್ಟುಕೊಂಡವರ ಪೆಟ್ಟಿಗೆಯಲ್ಲಿ ಕೆಲವು ವರ್ಷಗಳ ನಂತರ ಒಂದೇ ತೆರನಾದ ಐದಾರು ಸ್ಟೀಲ್ ಗಡಿಯಾರಗಳು ಸಾಲಾಗಿ ಮಲಗಿರುತ್ತವೆ: ಕಪ್ಪು ಡಯಲು, ತಿರುಗುವ ಬೆಜೆಲ್ (ಗಾಜಿನ ಸುತ್ತಲಿನ ಉಂಗುರ), ದಪ್ಪ ಪಟ್ಟಿ. ಒಂದನ್ನು ಕಟ್ಟಿಕೊಂಡರೆ ಉಳಿದವನ್ನು ಕಟ್ಟಿಕೊಳ್ಳಲು ಕಾರಣವೇ ಇರುವುದಿಲ್ಲ. ಹಣ ಖರ್ಚಾಗಿದೆ, ಸಂಗ್ರಹ ಬೆಳೆದಿಲ್ಲ.

ಆದ್ದರಿಂದ ಹಣವನ್ನು ಸದ್ಯ ಹಾಗೆಯೇ ಇಟ್ಟುಕೊಂಡು, ಇರುವ ಎರಡನ್ನು ಗಮನವಿಟ್ಟು ಧರಿಸಿ. ದಿನದಲ್ಲಿ ಹಲವು ಸಲ, ಸಮಯ ತಿಳಿಯುವ ಅವಶ್ಯಕತೆ ಇಲ್ಲದಾಗಲೂ, ನಿಮ್ಮ ಕಣ್ಣು ಮಣಿಕಟ್ಟಿನತ್ತ ಹೋಗುತ್ತದೆ. ಹೋದಾಗ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಳ್ಳಿ. ಸೆಕೆಂಡಿನ ಮುಳ್ಳಿನ ಓಟವೇ? ಲೋಹದ ಅಂಚಿನ ಮೇಲೆ ಬೀಳುವ ಬೆಳಕೇ? ಕತ್ತಲಲ್ಲಿ ಹಸಿರಾಗಿ ಹೊಳೆಯುವ ಗುರುತುಗಳೇ? ಅಥವಾ ಕೈಯಲ್ಲಿ ಒಂದು ಯಂತ್ರ ಓಡುತ್ತಿದೆ ಎಂಬ ಅರಿವೇ? ಇದು ಕಾಲಹರಣದ ಸಲಹೆ ಎನಿಸಬಹುದು. ಆದರೆ ಮುಂದಿನ ಪ್ರತಿ ಆಯ್ಕೆಯೂ ಈ ಉತ್ತರವನ್ನೇ ಆಧರಿಸುತ್ತದೆ, ಏಕೆಂದರೆ ಒಳ್ಳೆಯ ಸಂಗ್ರಹಕ್ಕೆ ಬೇಕಾದುದು ಒಂದು ಎಳೆ.

ನಿಮ್ಮನ್ನು ಸೆಳೆಯುವುದು ಆಕಾರ ಎಂದಿಟ್ಟುಕೊಳ್ಳಿ. ಆಗ ದುಂಡಗಿರದ ಗಡಿಯಾರಗಳ ಇತಿಹಾಸವೇ ನಿಮ್ಮ ಮುಂದಿದೆ. ವಿಮಾನ ಹಾರಾಟದ ಸಾಹಸಿ ಆಲ್ಬರ್ಟೊ ಸಾಂಟೋಸ್ ಡುಮಾಂಟ್‌ಗಾಗಿ ಕಾರ್ಟಿಯೇ 1904ರಲ್ಲಿ ಮಾಡಿದ ಚೌಕಾಕಾರದ ಸಾಂಟೋಸ್, 1917ರಲ್ಲಿ ಯುದ್ಧ ಟ್ಯಾಂಕಿನ ರೂಪದಿಂದ ಹುಟ್ಟಿದ ಟ್ಯಾಂಕ್, ಪೋಲೋ ಆಡುವವರ ಗಾಜು ಒಡೆಯದಿರಲೆಂದು ಮಗುಚಿ ಹಾಕುವಂತೆ 1931ರಲ್ಲಿ ರೂಪಿಸಿದ ಜೇಗರ್ ಲಕೂಲ್ಟ್ರ್‌ನ ರಿವರ್ಸೊ, ಎಂಟು ಮೂಲೆಯ ಬೆಜೆಲಿಗೆ ಎಂಟು ತಿರುಪುಗಳನ್ನು ಬಚ್ಚಿಡದೆ ಹೊರಗೇ ತೋರಿಸಿ ಜೆರಾಲ್ಡ್ ಜೆಂಟಾ 1972ರಲ್ಲಿ ವಿನ್ಯಾಸಗೊಳಿಸಿದ ಆಡೆಮಾರ್ ಪಿಗೆಯ ರಾಯಲ್ ಓಕ್. ಇವುಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟರೂ ಸಾಕು, ಅವುಗಳ ನಡುವೆ ಮಾತುಕತೆ ಶುರುವಾಗುತ್ತದೆ.

ಎಳೆ ಕೆಲಸದ ಸಾಧನಗಳದ್ದೂ ಆಗಬಹುದು: ಮುಳುಗುಗಾರರ, ಪೈಲಟ್‌ಗಳ, ಗಗನಯಾತ್ರಿಗಳ ಗಡಿಯಾರಗಳು. ಒಮೆಗಾ ಸ್ಪೀಡ್‌ಮಾಸ್ಟರನ್ನು ನಾಸಾ 1965ರಲ್ಲಿ ಪರೀಕ್ಷಿಸಿ ಒಪ್ಪಿತು. 1969ರಲ್ಲಿ ಚಂದ್ರನ ಮೇಲೆ ಇಳಿದಾಗ ಅದು ಬಝ್ ಆಲ್ಡ್ರಿನ್ ಕೈಯಲ್ಲಿತ್ತು. ಆರ್ಮ್‌ಸ್ಟ್ರಾಂಗ್ ತಮ್ಮದನ್ನು ನೌಕೆಯೊಳಗೆ ಬಿಟ್ಟಿದ್ದರು, ಒಳಗಿನ ಟೈಮರ್ ಕೈಕೊಟ್ಟಿತ್ತೆಂದು. ನಿಮಗಿರುವ ಡೈವಿಂಗ್ ವಾಚು ಈ ಎಳೆಯ ಮೊದಲ ಮಣಿ ಆಗಬಲ್ಲದು. ಆದರೆ ಒಂದು ಎಚ್ಚರಿಕೆ: ಕತೆಗೆ ಮರುಳಾಗಿ ಕೊಂಡ ಗಡಿಯಾರ ಕತೆ ಹಳತಾದ ಮೇಲೂ ಕೈಮೇಲೆ ಚೆಂದ ಕಾಣಬೇಕು.

ಕೈಗೆಲಸದ ನಯವೇ ನಿಮ್ಮನ್ನು ಸೆಳೆಯುವುದಾದರೆ, ಅದು ಎಲ್ಲಕ್ಕಿಂತ ಆಳವಾದ ಹಾಗೂ ಎಲ್ಲಕ್ಕಿಂತ ದುಬಾರಿಯಾದ ಎಳೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಐಷಾರಾಮಿ ಎಂಬ ಪದಕ್ಕೆ ಗಡಿಯಾರ ಲೋಕದಲ್ಲಿ ಏನಾದರೂ ಅರ್ಥವಿದ್ದರೆ ಅದು ಇಲ್ಲಿಯೇ ಇದೆ. ಒಂದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಕೊಳ್ಳಿ. ಈ ಹವ್ಯಾಸದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ವಸ್ತು ಅದು. ಮೊದಲು ಡಯಲನ್ನು ನೋಡಿ. ಮುದ್ರಿಸಿದ ಅಕ್ಷರದ ಅಂಚು ಹರಿತವಾಗಿದೆಯೇ, ಗಂಟೆಯ ಗುರುತುಗಳು ಸ್ವಲ್ಪವೂ ಓರೆಯಾಗದೆ ಕೂತಿವೆಯೇ, ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಯವರೆಗೆ ನಿಜವಾಗಿಯೂ ತಲುಪುತ್ತದೆಯೇ? ಮುಳ್ಳು ಗಿಡ್ಡವಾಗಿದ್ದರೆ ನನಗೆ ಆ ಗಡಿಯಾರದ ಮೇಲಿನ ಗೌರವ ಅರ್ಧಕ್ಕೆ ಇಳಿಯುತ್ತದೆ. ಬೇರೆ ಅಳತೆಯ ಡಯಲಿಗೆಂದು ಮಾಡಿದ ಮುಳ್ಳನ್ನು ಇಲ್ಲಿಗೆ ತಂದು ಕೂರಿಸಿರುವ ಸಾಧ್ಯತೆ ಹೆಚ್ಚು.

ಆಮೇಲೆ ಕೇಸ್, ಅಂದರೆ ಯಂತ್ರವನ್ನು ಹೊತ್ತ ಲೋಹದ ಹೊರಕವಚ. ಹೊಳಪು ಕೊಟ್ಟ ಮೈ ಮತ್ತು ಗೆರೆ ಎಳೆದ ಮೈ ಸೇರುವ ಗಡಿ ಒಂದೇ ಗೆರೆಯಾಗಿ ಓಡಬೇಕು, ಮಸುಕಾಗಿ ಕರಗಬಾರದು. ಜಪಾನಿನ ಗ್ರ್ಯಾಂಡ್ ಸೈಕೋ ತನ್ನ ಝರಾಟ್ಸು ಎಂಬ ವಿಧಾನದ ಹೊಳಪಿಗೆ ಹೆಸರಾಗಿರುವುದು ಇದಕ್ಕಾಗಿಯೇ; ಚಪ್ಪಟೆ ಮೈಯಲ್ಲಿ ಪ್ರತಿಬಿಂಬ ಬಾಗದೆ, ಅಲೆಯಾಗದೆ ಕನ್ನಡಿಯಲ್ಲಿರುವಂತೆ ಬೀಳುತ್ತದೆ. ಹಿಂಬದಿ ಗಾಜಿನದಾಗಿದ್ದರೆ ಯಂತ್ರದ ಫಲಕಗಳ ಅಂಚನ್ನು ನೋಡಿ. ಅಂಚನ್ನು ಓರೆಯಾಗಿ ಅರೆದು ಹೊಳಪಿಸಿರುತ್ತಾರೆ. ಎರಡು ಓರೆ ಅಂಚುಗಳು ಒಳಮುಖವಾಗಿ ಸೇರುವ ಮೂಲೆ ಚೂಪಾಗಿದ್ದರೆ ಅಲ್ಲಿ ಮನುಷ್ಯನ ಕೈ ಆಡಿದೆ ಎಂದರ್ಥ, ಏಕೆಂದರೆ ತಿರುಗುವ ಯಂತ್ರದ ಉಪಕರಣ ಅಲ್ಲಿ ದುಂಡನೆಯ ಮೂಲೆಯನ್ನೇ ಬಿಟ್ಟುಹೋಗುತ್ತದೆ. ಜರ್ಮನಿಯ ಗ್ಲಾಸ್‌ಹ್ಯೂಟೆ ಊರಿನ ಎ. ಲಾಂಗೆ ಉಂಡ್ ಸೋನೆ ಕಂಪನಿಯ ಗಡಿಯಾರಗಳಲ್ಲಿ ಬ್ಯಾಲೆನ್ಸ್ ಚಕ್ರವನ್ನು (ಅತ್ತಿತ್ತ ತೂಗಾಡಿ ಸಮಯದ ಲಯ ಹಿಡಿಯುವ ಚಕ್ರ) ಹಿಡಿದಿಡುವ ಸಣ್ಣ ಫಲಕದ ಮೇಲೆ ಕೈಯಿಂದಲೇ ಹೂಬಳ್ಳಿ ಕೆತ್ತುತ್ತಾರೆ. ಆದ್ದರಿಂದ ಯಾವ ಎರಡೂ ಒಂದೇ ಥರ ಇರುವುದಿಲ್ಲ. ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ, ಸರ್ಕಾರದ ವಶಕ್ಕೆ ಹೋಗಿ ಕಣ್ಮರೆಯಾಗಿದ್ದ ಈ ಹೆಸರನ್ನು ಅದೇ ಮನೆತನದ ವಾಲ್ಟರ್ ಲಾಂಗೆ 1990ರಲ್ಲಿ ಮತ್ತೆ ಎಬ್ಬಿಸಿದರು. 1994ರಲ್ಲಿ ಹೊರಬಂದ ಲಾಂಗೆ 1, ಎಲ್ಲವನ್ನೂ ಓರೆಗೆ ಸರಿಸಿಟ್ಟಂತಿರುವ ತನ್ನ ಡಯಲಿನಿಂದ ಇವತ್ತಿಗೂ ದೂರದಿಂದಲೇ ಗುರುತು ಸಿಗುತ್ತದೆ. ಇಂಥದ್ದನ್ನು ಕೊಳ್ಳಲಾಗದಿದ್ದರೂ ಅವಕಾಶ ಸಿಕ್ಕಾಗ ಲೂಪ್ ಹಿಡಿದು ನೋಡಿ. ಒಮ್ಮೆ ಅತ್ಯುತ್ತಮವನ್ನು ಕಂಡ ಕಣ್ಣನ್ನು ಮಧ್ಯಮ ದರ್ಜೆಯ ಕೆಲಸ ಸುಲಭಕ್ಕೆ ಮೋಸಗೊಳಿಸಲಾರದು.

ಇನ್ನು ನಿಮ್ಮ ಮೊದಲ ಗೆಳೆಯನ ಮಾತು. ಯಂತ್ರವನ್ನು ಕಂಪನಿಯೇ ತಯಾರಿಸಿರಬೇಕು ಎಂಬ ಕಟ್ಟಳೆಯನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಏನಾಗುತ್ತದೆ ನೋಡಿ. 1972ರ ರಾಯಲ್ ಓಕ್ ಒಳಗಿದ್ದುದು ಜೇಗರ್ ಲಕೂಲ್ಟ್ರ್ ರೂಪಿಸಿದ ಯಂತ್ರ. ಅದೇ ಮೂಲದ ಯಂತ್ರವೇ ಪಾಟೆಕ್ ಫಿಲಿಪ್‌ನ 1976ರ ನಾಟಿಲಸ್‌ನಲ್ಲೂ ಇತ್ತು. ಚಂದ್ರನ ಮೇಲೆ ಹೋದ ಸ್ಪೀಡ್‌ಮಾಸ್ಟರಿನ 321 ಯಂತ್ರವನ್ನು ರೂಪಿಸಿದ್ದು ಒಮೆಗಾದ ಸೋದರ ಸಂಸ್ಥೆ ಲೆಮಾನಿಯಾ. ರೋಲೆಕ್ಸ್ ತನ್ನ ಡೇಟೋನಾದಲ್ಲಿ 1988ರಿಂದ 2000ದವರೆಗೆ ಬಳಸಿದ್ದು ಝೆನಿತ್ ಕಂಪನಿಯ ಎಲ್ ಪ್ರಿಮೆರೊ ಯಂತ್ರವನ್ನು, ಅದರ ವೇಗವನ್ನು ಗಂಟೆಗೆ 36,000 ಮಿಡಿತದಿಂದ 28,800ಕ್ಕೆ ಇಳಿಸಿ. ಈ ನಾಲ್ಕನ್ನೂ ಬೇಡವೆನ್ನುವ ಸಂಗ್ರಾಹಕನನ್ನು ನಾನಿನ್ನೂ ನೋಡಿಲ್ಲ. ಸ್ವಿಸ್ ಗಡಿಯಾರ ಉದ್ಯಮ ಬೆಳೆದದ್ದೇ ಹಾಗೆ: ಕೇಸ್ ಒಬ್ಬರದು, ಡಯಲು ಇನ್ನೊಬ್ಬರದು, ಯಂತ್ರ ಮತ್ತೊಬ್ಬರದು. ಸ್ವಂತ ಯಂತ್ರ ಎಂಬುದು ಮುಖ್ಯವಾಗಿ ಕಳೆದ ಮೂರು ದಶಕಗಳಲ್ಲಿ ಮಾರಾಟದವರು ಬೆಳೆಸಿದ ಹೆಮ್ಮೆ.

ಹಾಗೆಂದು ಅದು ಅರ್ಥವಿಲ್ಲದ್ದೂ ಅಲ್ಲ. ಸೈಕೋ 1999ರಲ್ಲಿ ಹೊರತಂದ ಸ್ಪ್ರಿಂಗ್ ಡ್ರೈವ್ ಎಂಬ ಯಂತ್ರ ಬೇರೆ ಯಾರ ಬಳಿಯೂ ಇರಲಿಲ್ಲ. ಅದರಲ್ಲಿ ಸುತ್ತಿದ ಸ್ಪ್ರಿಂಗೇ ಚಾಲಕಶಕ್ತಿ. ಆದರೆ ವೇಗವನ್ನು ಹತೋಟಿಯಲ್ಲಿಡುವುದು ಕ್ವಾರ್ಟ್ಜ್ ಹರಳು ಮತ್ತು ಅಯಸ್ಕಾಂತದ ತಡೆ. ಟಿಕ್ ಟಿಕ್ ಎಂಬುದೇ ಇಲ್ಲ, ಸೆಕೆಂಡಿನ ಮುಳ್ಳು ನೀರಿನ ಮೇಲಿನ ಎಲೆಯಂತೆ ಜಾರುತ್ತದೆ. ಇಂಥ ಹೊಸ ವಿಚಾರವಿದ್ದರೆ ಸ್ವಂತ ಯಂತ್ರಕ್ಕೆ ಹೆಚ್ಚು ಹಣ ಕೊಡಿ. ಇಲ್ಲವಾದರೆ, ಬಿಡಿಭಾಗ ಸುಲಭವಾಗಿ ಸಿಗುವ, ಅನುಭವವಿರುವ ಯಾವ ರಿಪೇರಿಗಾರನೂ ಬಿಚ್ಚಿ ಜೋಡಿಸಬಲ್ಲ ವ್ಯಾಲ್ಜೂ 7750ಯಂಥ ಹಳೆಯ ಕ್ರೊನೋಗ್ರಾಫ್ (ಸ್ಟಾಪ್‌ವಾಚ್ ಕೂಡ ಇರುವ ಗಡಿಯಾರ) ಯಂತ್ರ ಇಪ್ಪತ್ತು ವರ್ಷಗಳ ನಂತರ ನಿಮ್ಮ ನೆಮ್ಮದಿ ಕಾಪಾಡುತ್ತದೆ.

ನಿಖರತೆಯ ಮಾತು ಬಂದರೆ ನಿಮ್ಮ ಹಳೆಯ ಕ್ವಾರ್ಟ್ಜ್ ವಾಚಿನ ಮುಂದೆ ಇವೆಲ್ಲವೂ ತಲೆ ತಗ್ಗಿಸಬೇಕು. ಅದರ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಮಾನ್ಯ ಯಾಂತ್ರಿಕ ಗಡಿಯಾರ ಮಿಡಿಯುವುದು ಸೆಕೆಂಡಿಗೆ ಎಂಟು ಸಲ. 1969ರ ಕ್ರಿಸ್ಮಸ್ ದಿನ ಸೈಕೋ ತನ್ನ ಕ್ವಾರ್ಟ್ಜ್ ಆಸ್ಟ್ರಾನ್ ಅನ್ನು ಟೋಕಿಯೋದಲ್ಲಿ ಬಿಡುಗಡೆ ಮಾಡಿದಾಗಲೇ ಈ ಸ್ಪರ್ಧೆ ಮುಗಿಯಿತು. ಸ್ವಿಸ್ ಕ್ರೊನೋಮೀಟರ್ (ನಿಖರವೆಂದು ಪರೀಕ್ಷೆಯಲ್ಲಿ ಗೆದ್ದ ಗಡಿಯಾರ) ಪ್ರಮಾಣಪತ್ರ ಕೊಡುವ ಸಂಸ್ಥೆ ಯಂತ್ರವನ್ನು 15 ದಿನ, ಐದು ಭಂಗಿಗಳಲ್ಲಿ, ಮೂರು ತಾಪಮಾನಗಳಲ್ಲಿ ಪರೀಕ್ಷಿಸಿ ದಿನಕ್ಕೆ 4 ಸೆಕೆಂಡ್ ಹಿಂದೆ, 6 ಸೆಕೆಂಡ್ ಮುಂದೆ ಎಂಬ ಮಿತಿ ಹಾಕುತ್ತದೆ. ದಿನದ 86,400 ಸೆಕೆಂಡುಗಳಲ್ಲಿ ಐದಾರು ತಪ್ಪುವುದೆಂದರೆ, ಒಂದು ಸ್ಪ್ರಿಂಗು ಮತ್ತು ಕೆಲವು ಹಲ್ಲುಚಕ್ರಗಳ ಮಟ್ಟಿಗೆ, ನೂರಕ್ಕೆ 99.99ಕ್ಕೂ ಮೇಲೆ ಅಂಕ ಗಳಿಸಿದ ಹಾಗೆ. ಆ ಸಾಹಸವನ್ನು ಮೆಚ್ಚಿ ಕೊಳ್ಳಿ. ರೈಲು ಹಿಡಿಯಲು ಮೊಬೈಲ್ ಇದೆ.

ಅಳತೆಯ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ, ಆದರೆ ಅದನ್ನು ಮರೆಯಬೇಡಿ. ಜಾಹೀರಾತಿನಲ್ಲಿ ಕಾಣುವ ವ್ಯಾಸದ ಅಂಕೆಗಿಂತ ಪಟ್ಟಿ ಸೇರುವ ಕೊಂಬುಗಳ, ಅಂದರೆ ಲಗ್‌ಗಳ, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಉದ್ದ ಮುಖ್ಯ. ಅದು ಮಣಿಕಟ್ಟಿನ ಅಗಲವನ್ನು ಮೀರಿ ಹೊರಚಾಚಿದರೆ ಎಂಥ ಗಡಿಯಾರವೂ ಸಾಲ ತಂದಂತೆ ಕಾಣುತ್ತದೆ. ದಪ್ಪವೂ ಅಷ್ಟೇ, ಅಂಗಿಯ ತೋಳಿನ ಕೆಳಗೆ ನುಸುಳದ ಗಡಿಯಾರ ಕ್ರಮೇಣ ಪೆಟ್ಟಿಗೆಯಲ್ಲೇ ಉಳಿಯುತ್ತದೆ. 39 ಮಿ.ಮೀ. ಇದ್ದ ಮೊದಲ ರಾಯಲ್ ಓಕ್‌ಗೆ ಜಂಬೋ ಎಂದು ಅಡ್ಡಹೆಸರು ಬಿದ್ದಿತ್ತು. ಪಾಟೆಕ್ ಫಿಲಿಪ್‌ನ 1932ರ ಮೊದಲ ಕಲಾತ್ರಾವಾ ಸುಮಾರು 31 ಮಿ.ಮೀ. ಮಾತ್ರ. ಚಿಕ್ಕದು ಎಂದು ನೋಡದೆಯೇ ತಳ್ಳಿಹಾಕಬೇಡಿ.

ಕಾಯುವ ಪಟ್ಟಿಯ ಕುರಿತು ನನ್ನ ನಿಲುವು ಕಠಿಣ. ಬೇಕಾದ ಮಾದರಿ ಸಿಗಬೇಕಾದರೆ ಬೇಡವಾದ ಎರಡನ್ನು ಮೊದಲು ಕೊಂಡು ಅಂಗಡಿಯವರ ವಿಶ್ವಾಸ ಗಳಿಸಬೇಕು ಎಂಬ ಪರಿಸ್ಥಿತಿ ಬಂದರೆ, ನಮಸ್ಕಾರ ಹೇಳಿ ಹೊರಗೆ ಬನ್ನಿ. ಆ ಎರಡು ಬೇಡದ ಗಡಿಯಾರಗಳ ನಷ್ಟವನ್ನೂ ಸೇರಿಸಿ ಲೆಕ್ಕ ಹಾಕಿದರೆ ಬೇಕಾದದ್ದರ ನಿಜವಾದ ಬೆಲೆ ತಿಳಿಯುತ್ತದೆ. ಯಾವ ಷರತ್ತೂ ಇಲ್ಲದೆ ಹೆಸರು ಬರೆಸಲು ಬಿಟ್ಟರೆ ಬರೆಸಿ, ಬರೆಸಿದ್ದನ್ನು ಮರೆತು ಬೇರೆ ನೋಡಿ. ಬಹುಪಾಲು ಜನ ಬಯಸುವುದು ಬೆರಳೆಣಿಕೆಯ ಸ್ಟೀಲ್ ಮಾದರಿಗಳನ್ನು. ಅದೇ ಕಂಪನಿಗಳ ಅಷ್ಟೇ ಒಳ್ಳೆಯ ಇತರ ಗಡಿಯಾರಗಳು ಕಪಾಟಿನಲ್ಲಿ ಸುಮ್ಮನೆ ಕುಳಿತಿರುತ್ತವೆ, ಮೆಚ್ಚುವ ಕಣ್ಣಿಗಾಗಿ.

ಬಳಸಿದ ಗಡಿಯಾರ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಬಹುದು. ನಿಮ್ಮ ಹಣಕ್ಕೆ ಹೆಚ್ಚಿನ ಬೆಲೆ ಸಿಗುವುದೂ ಅಲ್ಲಿಯೇ. ಹೆಚ್ಚಿನ ಐಷಾರಾಮಿ ಗಡಿಯಾರಗಳ ಮೊದಲ ದೊಡ್ಡ ಇಳಿಕೆಯನ್ನು ಮೊದಲ ಮಾಲೀಕರೇ ಹೊತ್ತಿರುತ್ತಾರೆ. ಆದರೆ ಇಲ್ಲಿ ಗಡಿಯಾರದಷ್ಟೇ ಮಾರುವವನನ್ನೂ ಪರಿಶೀಲಿಸಬೇಕು. ವರ್ಷಗಳಿಂದ ಅದೇ ವ್ಯವಹಾರದಲ್ಲಿರುವ, ಲಿಖಿತ ಖಾತರಿ ಕೊಡುವ, ತಕರಾರು ಬಂದರೆ ವಾಪಸು ಪಡೆಯುವವರಿಂದ ಮಾತ್ರ ಕೊಳ್ಳಿ. ಮೂಲ ಪೆಟ್ಟಿಗೆ ಮತ್ತು ಕಾಗದಪತ್ರ ಇದ್ದರೆ ಒಳ್ಳೆಯದೇ, ಆದರೆ ಅವನ್ನೂ ನಕಲು ಮಾಡುತ್ತಾರೆ. ಈಗಿನ ಉತ್ತಮ ನಕಲಿಗಳನ್ನು ಹೊರನೋಟದಿಂದ ಹಿಡಿಯುವುದು ಅನುಭವಿಗಳಿಗೂ ಕಷ್ಟ. ಹಿಂಬದಿ ಮುಚ್ಚಳ ತೆರೆಸಿ ಯಂತ್ರವನ್ನು ನೋಡದೆ ದೊಡ್ಡ ಮೊತ್ತ ಕೊಡಬೇಡಿ. ತೆರೆಯಲು ಒಪ್ಪದವನೊಡನೆ ವ್ಯಾಪಾರ ಅಲ್ಲಿಗೇ ಮುಗಿಯಿತು.

ಹಳೆಯ ಕಾಲದ ಗಡಿಯಾರವಾದರೆ ಕಣ್ಣನ್ನು ಇನ್ನೊಂದು ಬಗೆಯಲ್ಲಿ ಪಳಗಿಸಬೇಕು. ಇಲ್ಲಿ ಹೊಸದರಂತೆ ಹೊಳೆಯುವುದು ಗುಣವಲ್ಲ, ಅನುಮಾನಕ್ಕೆ ಕಾರಣ. ಮತ್ತೆ ಮತ್ತೆ ಪಾಲಿಶ್ ಮಾಡಿಸಿದ ಕೇಸಿನಲ್ಲಿ ಲಗ್‌ಗಳು ಸವೆದು ತೆಳುವಾಗಿರುತ್ತವೆ, ಓರೆ ಅಂಚುಗಳು ಅಳಿಸಿಹೋಗಿರುತ್ತವೆ. ಹೋದ ಲೋಹ ಮತ್ತೆ ಬರುವುದಿಲ್ಲ. ಗೀರುಗಳಿದ್ದರೂ ಅಂಚು ಉಳಿಸಿಕೊಂಡ ಕೇಸ್ ಅದಕ್ಕಿಂತ ಎಷ್ಟೋ ಮೇಲು. ಡಯಲಿಗೆ ಮತ್ತೆ ಬಣ್ಣ ಬಳಿದಿದ್ದರೆ ಲೂಪಿನಲ್ಲಿ ಅಕ್ಷರಗಳ ಅಂಚು ಒಡೆದಂತೆ ಕಾಣುತ್ತದೆ, ಗೆರೆಗಳು ಗುರುತುಗಳಿಗೆ ಸರಿಯಾಗಿ ಹೊಂದುವುದಿಲ್ಲ.

ಕತ್ತಲಲ್ಲಿ ಹೊಳೆಯುವ ಲೇಪ ಬಹಳ ಮಾತಾಡುತ್ತದೆ. 1960ರ ದಶಕದವರೆಗೂ ಹಲವರು ರೇಡಿಯಂ ಬಳಸಿದರು. ಆಮೇಲೆ ಟ್ರೀಟಿಯಂ ಬಂತು. ಡಯಲಿನ ಬುಡದಲ್ಲಿ ಸ್ವಿಸ್ ಎಂಬ ಪದದ ಎರಡೂ ಬದಿ ಇಂಗ್ಲಿಷಿನ ಟಿ ಅಕ್ಷರವಿದ್ದರೆ ಅದರ ಗುರುತು. ಟ್ರೀಟಿಯಂನ ಅರ್ಧಾಯುಷ್ಯ ಹನ್ನೆರಡು ವರ್ಷ ಚಿಲ್ಲರೆ. ಅಂದರೆ 1970ರ ದಶಕದ ಗಡಿಯಾರದ ಗುರುತುಗಳು ಇವತ್ತು ರಾತ್ರಿಯಿಡೀ ಹಸಿರಾಗಿ ಬೆಳಗುತ್ತಿದ್ದರೆ ಲೇಪವನ್ನೋ ಇಡೀ ಡಯಲನ್ನೋ ಯಾರೋ ಬದಲಿಸಿದ್ದಾರೆ. ಬದಲಿಸಿದ್ದು ಅಪರಾಧವಲ್ಲ, ಅದನ್ನು ಹೇಳದೆ ಮೂಲದ್ದರ ಬೆಲೆಗೆ ಮಾರುವುದು ಅಪರಾಧ. ಮುಳ್ಳಿನ ಮೇಲಿನ ಲೇಪವೂ ಡಯಲಿನ ಲೇಪವೂ ಒಂದೇ ಹದಕ್ಕೆ ಹಳದಿಯಾಗಿವೆಯೇ ಎಂದೂ ನೋಡಿ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ಅಂಥ ಗಡಿಯಾರವನ್ನು ಕುತೂಹಲಕ್ಕೆಂದು ಮನೆಯಲ್ಲಿ ಬಿಚ್ಚಲೇಬೇಡಿ, ಆ ಪುಡಿ ಉಸಿರಿನೊಳಗೆ ಹೋಗಬಾರದು. ಹಾಗೆಯೇ, ಹಿಂಬದಿಯಲ್ಲಿ ಏನೇ ಕೆತ್ತಿರಲಿ, ಹಳೆಯ ಗಡಿಯಾರವನ್ನು ನೀರಿಗೆ ಒಡ್ಡಬೇಡಿ.

ಹೂಡಿಕೆಯ ವಾದಕ್ಕೆ ಬರೋಣ. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ 1.77 ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. 2021ರಲ್ಲಿ ಪಾಟೆಕ್ ಫಿಲಿಪ್ ನಾಟಿಲಸ್ 5711 ಮಾದರಿಯನ್ನು ನಿಲ್ಲಿಸಿತು. ಅದರ ಕೊನೆಯ ಆವೃತ್ತಿಯಾಗಿ ಆಭರಣದ ಕಂಪನಿ ಟಿಫನಿಯ ತಿಳಿನೀಲಿ ಡಯಲಿನಲ್ಲಿ ಮಾಡಿದ 170ರಲ್ಲಿ ಒಂದು ಅದೇ ಡಿಸೆಂಬರಿನಲ್ಲಿ 65 ಲಕ್ಷ ಡಾಲರ್ ತಂದಿತು. ನಿಮ್ಮ ಗೆಳೆಯ ಹೇಳುವುದು ಇಂಥ ಸುದ್ದಿಗಳನ್ನೇ ಇರಬೇಕು. 2022ರ ಮೊದಲ ತಿಂಗಳುಗಳಲ್ಲಿ ತುದಿ ಮುಟ್ಟಿದ ಬಳಸಿದ ಗಡಿಯಾರಗಳ ಬೆಲೆ ಆಮೇಲೆ ಜೋರಾಗಿ ಇಳಿಯಿತು, ಮೊದಲು ಇಳಿದದ್ದೂ ಅದೇ ಹೆಸರಾಂತ ಮಾದರಿಗಳು, ಎಂಬುದನ್ನು ಅವನು ಹೇಳಿರಲಾರ. ಚಿನ್ನವನ್ನು ತೂಗಿ ಮಾರಬಹುದು. ಅದಕ್ಕೆ ಸರ್ವಿಸ್ ಬೇಡ, ಗೀರು ಬಿದ್ದರೆ ಬೆಲೆ ಇಳಿಯದು. ಗಡಿಯಾರಕ್ಕೆ ಕೊಳ್ಳುವವನನ್ನು ಹುಡುಕಬೇಕು, ವ್ಯಾಪಾರಿಗೆ ಪಾಲು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೂಡಿಕೆ ಎಂದು ಕೊಂಡ ಗಡಿಯಾರವನ್ನು ನೀವು ಕಟ್ಟಿಕೊಳ್ಳುವುದಿಲ್ಲ. ಪಟ್ಟಿಯ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಲಾಕರಿನಲ್ಲಿಡುತ್ತೀರಿ. ಅಲ್ಲಿಗೆ ಹವ್ಯಾಸ ಸತ್ತಿತು. ನಾನು ಹಾಕುವ ಲೆಕ್ಕ ಬೇರೆ: ಇದನ್ನು ಅರ್ಧ ಬೆಲೆಗೆ ಮಾರಬೇಕಾಗಿ ಬಂದರೂ ಧರಿಸಿದ ಸುಖಕ್ಕಾಗಿ ಕೊರಗುವುದಿಲ್ಲ ಎನಿಸಿದರೆ ಕೊಳ್ಳಿ, ಎನಿಸದಿದ್ದರೆ ಬೇಡ. ಸಾಲ ಮಾಡಿಯಂತೂ ಬೇಡವೇ ಬೇಡ.

ಹಾಗಾದರೆ ಮೂರನೆಯದು ಯಾವುದು? ನಿಮಗಿರುವ ಎರಡರಲ್ಲಿ ಒಂದು ಬ್ಯಾಟರಿಯಿಂದ ಓಡುತ್ತದೆ, ಇನ್ನೊಂದು ಕೈ ಆಡಿದಂತೆ ತಾನೇ ಸುತ್ತಿಕೊಳ್ಳುತ್ತದೆ. ನೀವೇ ಕೀಲಿ ಕೊಡಬೇಕಾದ ಗಡಿಯಾರ ನಿಮ್ಮಲ್ಲಿಲ್ಲ. ತೆಳ್ಳಗಿನ, ಚರ್ಮದ ಪಟ್ಟಿಯ, ತಾರೀಖು ಕಿಂಡಿ ಇಲ್ಲದ, ಕೀಲಿ ಕೊಡುವ ಒಂದು ಗಡಿಯಾರ ನೋಡಿ. ಬೆಳಿಗ್ಗೆ ಗುಂಡಿಯನ್ನು ಬೆರಳಲ್ಲಿ ತಿರುಗಿಸುವಾಗ ಸ್ಪ್ರಿಂಗ್ ಬಿಗಿಯಾಗುತ್ತ ಬರುವುದು ಕೈಗೇ ತಿಳಿಯುತ್ತದೆ. ಆಟೋಮ್ಯಾಟಿಕ್‌ನಲ್ಲಿ ಈ ಒಡನಾಟವಿಲ್ಲ. ರಿವರ್ಸೊ ಆಗಬಹುದು, ಕೀಲಿ ಕೊಡುವ ಟ್ಯಾಂಕ್ ಆಗಬಹುದು, 1950–60ರ ದಶಕಗಳ ದುಂಡನೆಯ ಸರಳ ಒಮೆಗಾ ಆಗಬಹುದು. ತೆಳುವಾಗಿರಲೇಬೇಕು ಎಂಬ ಹಟ ಇಲ್ಲದಿದ್ದರೆ ಚಂದ್ರನ ಮೇಲೆ ಹೋದ ಬಗೆಯ ಸ್ಪೀಡ್‌ಮಾಸ್ಟರ್ ಕೂಡ ಕೀಲಿ ಕೊಡುವುದೇ. ಡೈವಿಂಗ್ ವಾಚಿಗೆ ಪೂರ್ತಿ ವಿರುದ್ಧವಾದ ಒಂದನ್ನು ಪಕ್ಕಕ್ಕಿಟ್ಟಾಗ ಎರಡೂ ಹೆಚ್ಚು ಚೆನ್ನಾಗಿ ಕಾಣತೊಡಗುತ್ತವೆ. ಒಂದೇ ಮಧ್ಯಾಹ್ನ ಮೂರ್ನಾಲ್ಕನ್ನು ಕೈಗೆ ಕಟ್ಟಿ ನೋಡಿ, ಅಂದು ಏನನ್ನೂ ಕೊಳ್ಳದೆ ಮನೆಗೆ ಬನ್ನಿ.

ನಿರಂತರ ಪಂಚಾಂಗ, ಟೂರ್ಬಿಯಾನ್ (ಬ್ಯಾಲೆನ್ಸ್ ಚಕ್ರವನ್ನೇ ಹೊತ್ತು ಸುತ್ತುವ ಪಂಜರ) ಮುಂತಾದ ದೊಡ್ಡ ಕರಾಮತ್ತುಗಳಿಗೆ ಅವಸರ ಬೇಡ. ತಿಂಗಳ ದಿನಗಳನ್ನೂ ಅಧಿಕ ವರ್ಷವನ್ನೂ ತಾನೇ ಅರಿತು ತಾರೀಖು ತೋರಿಸುವ ನಿರಂತರ ಪಂಚಾಂಗದ ಗಡಿಯಾರ ಅದ್ಭುತವೇ. ಅಧಿಕ ವರ್ಷವಲ್ಲದ 2100ರಲ್ಲಿ ಮಾತ್ರ ಅದನ್ನು ಕೈಯಿಂದ ತಿದ್ದಬೇಕು. ಆದರೆ ಅದು ನಿಂತುಹೋದರೆ ಮತ್ತೆ ಹೊಂದಿಸುವುದು ಕಿರಿಕಿರಿ, ಕೆಟ್ಟರೆ ದುರಸ್ತಿ ತಿಂಗಳುಗಟ್ಟಲೆ. ಚಂದ್ರನ ಕಲೆ ತೋರಿಸುವ ಗಡಿಯಾರ ಇಷ್ಟವಾದರೆ ಅದರಿಂದ ಶುರು ಮಾಡಿ. ಸಾಮಾನ್ಯವಾದ 59 ಹಲ್ಲಿನ ಚಕ್ರದ್ದಾದರೆ ಸುಮಾರು ಎರಡೂವರೆ ವರ್ಷಕ್ಕೆ ಒಂದು ದಿನ ತಪ್ಪುತ್ತದೆ, 135 ಹಲ್ಲಿನದಾದರೆ 122 ವರ್ಷಕ್ಕೊಮ್ಮೆ. ನನಗಂತೂ ಎರಡೂವರೆ ವರ್ಷಕ್ಕೊಮ್ಮೆ ಆಕಾಶ ನೋಡಿ ತಿದ್ದುವುದೇ ಇಷ್ಟ.

ಎಷ್ಟು ಸಾಕು? ನನ್ನನ್ನು ಕೇಳಿದರೆ ಐದು. ಇದಕ್ಕೆ ಶಾಸ್ತ್ರವೇನೂ ಇಲ್ಲ. ವಾರದಲ್ಲಿ ಪ್ರತಿಯೊಂದಕ್ಕೂ ಒಮ್ಮೆಯಾದರೂ ಸರದಿ ಬರುತ್ತದೆ ಎಂಬುದಷ್ಟೇ ಕಾರಣ. ಒಂದಿಡೀ ವರ್ಷ ಕೈಗೆ ಬಾರದ ಗಡಿಯಾರವನ್ನು, ಅದು ಯಾರದೋ ನೆನಪಿನ ಕಾಣಿಕೆ ಆಗಿರದಿದ್ದರೆ, ಮಾರಿಬಿಡಿ. ಸಂಗ್ರಹ ಚೆನ್ನಾಗಿರುವವರನ್ನು ಗಮನಿಸಿ ನೋಡಿ: ಅವರು ಕೊಂಡಷ್ಟೇ ಸಲೀಸಾಗಿ ಮಾರಿಯೂ ಇರುತ್ತಾರೆ.

ಆರೈಕೆಯ ಮಾತು. ಇದ್ದಕ್ಕಿದ್ದಂತೆ ಗಡಿಯಾರ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡತೊಡಗಿದರೆ ಗಾಬರಿ ಬೇಡ. ಹೆಚ್ಚಾಗಿ ಅದಕ್ಕೆ ಅಯಸ್ಕಾಂತದ ಸೋಂಕು ತಗುಲಿರುತ್ತದೆ. ಸ್ಪೀಕರ್, ಟ್ಯಾಬ್ಲೆಟ್ ಕವರಿನ ಅಯಸ್ಕಾಂತ, ಕೈಚೀಲದ ಅಯಸ್ಕಾಂತದ ಕೊಂಡಿ ಇವೇ ಕಳ್ಳರು. ಕೂದಲಿನಷ್ಟು ತೆಳುವಾದ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ಬ್ಯಾಲೆನ್ಸ್ ಚಕ್ರದ ತೂಗಾಟ ಕಿರಿದಾಗಿರುತ್ತದೆ. ರಿಪೇರಿಗಾರರು ಅದನ್ನು ಕ್ಷಣಗಳಲ್ಲಿ ಇಳಿಸುತ್ತಾರೆ. ಸಿಲಿಕಾನ್ ಸ್ಪ್ರಿಂಗ್ ಇರುವ ಹೊಸ ಗಡಿಯಾರಗಳಿಗೆ ಈ ಕಾಟವಿಲ್ಲ; ಒಮೆಗಾದ ಮಾಸ್ಟರ್ ಕ್ರೊನೋಮೀಟರ್‌ಗಳು 15,000 ಗಾಸ್ ಬಲದ ಕಾಂತಕ್ಷೇತ್ರದಲ್ಲೂ ಪರೀಕ್ಷೆ ಪಾಸಾಗಿರುತ್ತವೆ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ನಡುವೆ ಗುಂಡಿ ತಿರುಗಿಸಿ ತಾರೀಖು ಬದಲಿಸಬೇಡಿ, ಹಲವು ಯಂತ್ರಗಳಲ್ಲಿ ಆ ಹೊತ್ತಿಗೆ ತಾರೀಖಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ಈಜುವ ಗಡಿಯಾರದ ರಬ್ಬರ್ ಸೀಲುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ. 30 ಮೀಟರ್ ಎಂದು ಬರೆದಿದ್ದರೆ ಕೈ ತೊಳೆಯುವಾಗಿನ ನೀರಹನಿಗಳಿಗೆ ಸಾಕು, ಈಜಿಗೆ ಸಾಲದು. ತನ್ನಷ್ಟಕ್ಕೆ ತಿರುಗಿಸುತ್ತ ಗಡಿಯಾರವನ್ನು ಓಡಿಸುತ್ತಲೇ ಇರುವ ವಿದ್ಯುತ್ ಪೆಟ್ಟಿಗೆ ಮಾರಲು ಬರುತ್ತಾರೆ. ನಿರಂತರ ಪಂಚಾಂಗ ಇಲ್ಲದಿದ್ದರೆ ಅದು ದಂಡ.

ಸರ್ವಿಸ್ ಖರ್ಚನ್ನು ಕೊಳ್ಳುವ ಮೊದಲೇ ಕೇಳಿ ತಿಳಿದುಕೊಳ್ಳಿ. ಐದರಿಂದ ಎಂಟು ವರ್ಷಕ್ಕೊಮ್ಮೆ ಎಂಬುದು ಸಾಮಾನ್ಯ ಲೆಕ್ಕ. ಕೆಲವು ಕಂಪನಿಗಳು ಹತ್ತು ಎನ್ನುತ್ತವೆ. ಕ್ರೊನೋಗ್ರಾಫ್‌ಗೆ ಸಾದಾ ಗಡಿಯಾರಕ್ಕಿಂತ ಹೆಚ್ಚು ಬೀಳುತ್ತದೆ. ಐದು ಗಡಿಯಾರಗಳಿದ್ದರೆ ಹೆಚ್ಚುಕಡಿಮೆ ಪ್ರತಿ ವರ್ಷವೂ ಒಂದು ರಿಪೇರಿ ಮೇಜಿನ ಮೇಲೆ ಇರುತ್ತದೆ ಎಂದು ಈಗಲೇ ಬಜೆಟ್ ಹಾಕಿಡಿ. ಹಳೆಯ ಗಡಿಯಾರವನ್ನು ಸರ್ವಿಸಿಗೆ ಕೊಡುವಾಗ ‘ಪಾಲಿಶ್ ಬೇಡ, ಡಯಲು ಮತ್ತು ಮುಳ್ಳು ಬದಲಿಸಬೇಡಿ, ತೆಗೆದ ಭಾಗಗಳನ್ನು ವಾಪಸು ಕೊಡಿ’ ಎಂದು ರಸೀದಿಯ ಮೇಲೆಯೇ ಬರೆಸಿ. ಪ್ರತಿಯೊಂದರ ಮಾದರಿ ಸಂಖ್ಯೆ, ಸರಣಿ ಸಂಖ್ಯೆ, ಬಿಲ್ಲು, ನಾಲ್ಕೂ ದಿಕ್ಕಿನ ಫೋಟೊಗಳನ್ನು ಗಡಿಯಾರಗಳಿಂದ ದೂರ, ಬೇರೆ ಕಡೆ ಇಡಿ. ವಿಮೆ ಮಾಡಿಸಲು ಮೊದಲು ಕೇಳುವುದೂ ಅವನ್ನೇ, ಕಳುವಾದರೆ ದೂರು ಬರೆಸಲು ಬೇಕಾಗುವುದೂ ಅವೇ.